ಠಾಣೆ ಒಂದೇ, ಭಾಷೆ ಏಳು: ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದು ಬೇಡ

ಗೆಳೆಯರೇ, ಒಂದು ಪಂಪಿನ ಕತೆಯಿಂದ ಶುರು ಮಾಡೋಣ.

ನಮ್ಮೂರಿನ ಅಜ್ಜರೊಬ್ಬರ ಅಡಿಕೆ ತೋಟದ ಶೆಡ್ಡಿನಿಂದ ಒಂದು ರಾತ್ರಿ ನೀರಿನ ಪಂಪು ಹೋಯಿತು. ಬೀಗ ಮುರಿದಿತ್ತು. ಬೆಳಗ್ಗೆ ನಾವಿಬ್ಬರು ಹುಡುಗರು ಅಜ್ಜರನ್ನು ಬೈಕಿನಲ್ಲಿ ಕೂರಿಸಿಕೊಂಡು ಠಾಣೆಗೆ ಹೋದೆವು. ಯಾವ ಠಾಣೆ ಅಂತ ಹೇಳುವುದು ಬೇಡ, ಅದು ಇಲ್ಲಿ ಮುಖ್ಯ ಅಲ್ಲ. ಅಜ್ಜರ ಮನೆಮಾತು ತುಳು, ಓದು ಬರಹ ಕನ್ನಡ. ದೂರು ಬರೆದುಕೊಳ್ಳಲು ಕೂತಿದ್ದ ಪೊಲೀಸರು ಒಳ್ಳೆಯ ಮನುಷ್ಯ. ಅಜ್ಜರಿಗೆ ಕುರ್ಚಿ ಕೊಟ್ಟರು, ಬಂದಷ್ಟು ಕನ್ನಡದಲ್ಲೇ "ಎಂತ ಆಯ್ತು?" ಅಂತ ಕೇಳಿದರು. ಅಜ್ಜ "ಪಂಪು ಕಳೆದು ಹೋಯ್ತು ಸಾರ್" ಅಂದರು. ಅವರು ಮಲಯಾಳದಲ್ಲಿ ಬರೆದುಕೊಂಡರು. ತೋರಿಸಿದ ಜಾಗದಲ್ಲಿ ಅಜ್ಜ ಸಹಿ ಹಾಕಿದರು. ನಾವು ಹೊರಗೆ ನಿಂತು ಫೋನ್ ನೋಡುತ್ತಿದ್ದೆವು.

ಎರಡು ವಾರ ಕಳೆದರೂ ಯಾರೂ ತೋಟಕ್ಕೆ ಬರಲಿಲ್ಲ. ಆಮೇಲೆ ಮಲಯಾಳ ಓದಲು ಬರುವ ಗೆಳೆಯನೊಬ್ಬನಿಗೆ ಆ ಕಾಗದ ತೋರಿಸಿದಾಗ ವಿಷಯ ಗೊತ್ತಾಯಿತು. ಅದರಲ್ಲಿದ್ದದ್ದು "ಕಳಞ್ಞುಪೋಯಿ". ಅಂದರೆ ಎಲ್ಲೋ ಬಿದ್ದು ಹೋಗಿದೆ, ಕಾಣೆಯಾಗಿದೆ. ಕಳ್ಳತನವಾಗಿದೆ ಅನ್ನಬೇಕಿದ್ದರೆ "ಕಳವುಪೋಯಿ" ಅಂತ ಇರಬೇಕಿತ್ತು. ನಮ್ಮ ಕಡೆ ಕಳ್ಳ ಕದ್ದುಕೊಂಡು ಹೋದರೂ ಬಾಯಿಮಾತಿಗೆ "ಕಳೆದು ಹೋಯ್ತು" ಅನ್ನುತ್ತೇವೆ. ಅವರು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿದ್ದರು. ಕಳ್ಳತನ ಎಂದು ಬರೆದಿದ್ದರೆ ಎಫ್‌ಐಆರ್, ತನಿಖೆ. ಕಳೆದುಹೋದ ವಸ್ತು ಎಂದು ಬರೆದರೆ ರಿಜಿಸ್ಟರಿನಲ್ಲಿ ಒಂದು ಸಾಲು, ಅಲ್ಲಿಗೆ ಮುಗಿಯಿತು. ಕಾಗದದ ಪ್ರಕಾರ ಕಳ್ಳನೇ ಇಲ್ಲ ಎಂದಮೇಲೆ ಹುಡುಕುವುದು ಯಾರನ್ನು?

ಮತ್ತೆ ಹೋಗಿ ಕನ್ನಡದಲ್ಲೇ ಬರೆದು ಕೊಟ್ಟೆವು, ಕೇಸು ದಾಖಲಾಯಿತು. ಪಂಪು ಮಾತ್ರ ಬರಲಿಲ್ಲ. ಹದಿನೈದು ದಿನದಲ್ಲಿ ಅದು ಯಾವ ಗುಜರಿ ಅಂಗಡಿ ಸೇರಿತ್ತೋ ಏನೋ.

ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಅದಕ್ಕೇ ಇದನ್ನು ಆರಿಸಿಕೊಂಡೆವು. ಲಂಚ ಇಲ್ಲ, ದರ್ಪ ಇಲ್ಲ, ಕನ್ನಡದ ಮೇಲೆ ದ್ವೇಷವೂ ಇಲ್ಲ. ಆದರೂ ಅನ್ಯಾಯ ಆಯಿತು. ಹಲವು ಭಾಷೆಯ ಜನ ಒಂದೇ ಠಾಣೆಯನ್ನು ಹಂಚಿಕೊಂಡಿರುವ ಕಡೆ, ಕಾಗದ ಮಾತ್ರ ಒಂದೇ ಭಾಷೆಯಲ್ಲಿದ್ದರೆ ಹೀಗೇ ಆಗುವುದು.

ಈ ಠಾಣೆ ಯಾರದ್ದು?

ಕಾಸರಗೋಡು 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಅಂದು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಿತು, ಆದರೆ ಅದು ಜಾರಿಯಾಗಲಿಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇದೆಲ್ಲ ನಿಮಗೆ ಗೊತ್ತಿರುವ ಚರಿತ್ರೆ. ನಾವು ಇಲ್ಲಿ ಹೇಳುತ್ತಿರುವುದು ಗಡಿ ಎಲ್ಲಿರಬೇಕು ಎಂಬ ಮಾತಲ್ಲ. ಗಡಿ ಇದ್ದಲ್ಲೇ ಇದ್ದರೂ ಠಾಣೆಯ ಬಾಗಿಲಲ್ಲಿ ನಮಗೆ ಏನು ಸಿಗಬೇಕು ಎಂಬುದು.

ಸಪ್ತಭಾಷಾ ಸಂಗಮ ಭೂಮಿ ಅಂತ ವೇದಿಕೆ ಮೇಲೆ ಎಲ್ಲರೂ ಹೇಳುತ್ತಾರೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು. ಈ ಸಂಗಮ ನಿಜವಾಗಿ ನೋಡಬೇಕಿದ್ದರೆ ಸೋಮವಾರ ಬೆಳಗ್ಗೆ ಠಾಣೆಯ ವರಾಂಡಕ್ಕೆ ಹೋಗಿ ನಿಲ್ಲಿ. ಗಡಿ ತಕರಾರಿಗೆ ಬಂದ ಇಬ್ಬರಲ್ಲಿ ಒಬ್ಬರು ಕನ್ನಡ, ಇನ್ನೊಬ್ಬರು ಬ್ಯಾರಿ. ಸಾಕ್ಷಿ ಹೇಳುವವರು ಮಲಯಾಳ. ಮೂಲೆಯಲ್ಲಿ ಮಾತಾಡದೆ ಕೂತ ಕೊರಗ ಸಮುದಾಯದ ತಾಯಿಗೆ ತುಳು ಬಿಟ್ಟು ಬೇರೆ ಬಾರದು. ಇವರೆಲ್ಲರ ತೆರಿಗೆಯಿಂದ ನಡೆಯುವ ಠಾಣೆ ಅದು.

ಆದರೆ ಪೊಲೀಸ್ ರಾಜ್ಯದ ವಿಷಯ, ಸಂವಿಧಾನದ ಏಳನೇ ಅನುಸೂಚಿಯಲ್ಲೇ ಹಾಗೆ ಹಂಚಿದೆ. ನೇಮಕ ಪಿಎಸ್‌ಸಿ ಮೂಲಕ, ವರ್ಗಾವಣೆ ಮೇಲಿನಿಂದ. ಈ ಮಾತಿಗೆ ಕಿವಿ ಒಗ್ಗುವ ಹೊತ್ತಿಗೆ ಬಂದವರು ಹೋಗಿರುತ್ತಾರೆ. ಕೇರಳದಲ್ಲಿ 112ಕ್ಕೆ ಕರೆ ಮಾಡಿದರೆ ಮೊದಲು ಅದು ತಿರುವನಂತಪುರದ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಜಿಲ್ಲೆಗೆ ಬರುತ್ತದೆ. ಮಂಜೇಶ್ವರದ ಒಬ್ಬ ಅಜ್ಜಿ ನಡುರಾತ್ರಿ "ಮನೆಗೆ ಯಾರೋ ನುಗ್ಗಿದ್ದಾರೆ" ಅಂತ ರಾಜ್ಯದ ಇನ್ನೊಂದು ತುದಿಯಲ್ಲಿ ಕೂತವರಿಗೆ ಯಾವ ಭಾಷೆಯಲ್ಲಿ ಹೇಳಬೇಕು?

ತಾಳವಾಡಿಯ, ಹೊಸೂರಿನ ಗೆಳೆಯರೇ, ಅಕ್ಕಲಕೋಟೆ, ಜತ್ತಿನ ಗೆಳೆಯರೇ, ಆದೋನಿ, ಮಡಕಶಿರಾದವರೇ, ಊರಿನ ಹೆಸರು ಬದಲಿಸಿ ಓದಿಕೊಳ್ಳಿ. ಕಾಗದದ ಲಿಪಿ ತಮಿಳೋ ಮರಾಠಿಯೋ ತೆಲುಗೋ ಆಗುತ್ತದೆ, ಅಷ್ಟೇ.

ನಡುವೆ ನಿಂತ ತರ್ಜುಮೆದಾರ

"ಎಲ್ಲ ಪೊಲೀಸರಿಗೂ ಸ್ವಲ್ಪ ಕನ್ನಡ ಅರ್ಥವಾಗುತ್ತದೆ ಮಾರಾಯ್ರೇ, ಸುಮ್ಮನೆ ದೊಡ್ಡದು ಮಾಡಬೇಡಿ" ಅನ್ನುವವರಿದ್ದಾರೆ. ಅರ್ಥವಾಗದೆ ಇದ್ದಾಗ ಎಂತ ಆಗುತ್ತದೆ ಎಂದು ನಾವು ನೋಡಿದ್ದೇವೆ. ವರಾಂಡದಲ್ಲಿ ಇರುವ ಯಾರನ್ನೋ ಕರೆಯುತ್ತಾರೆ. ಅವರು ಆಟೋ ಓಡಿಸುವವರು ಇರಬಹುದು, ಪಕ್ಷದ ಹುಡುಗ ಇರಬಹುದು, ಕೆಲವೊಮ್ಮೆ ಎದುರು ಪಕ್ಷದವರ ಪರಿಚಯಸ್ಥರೇ ಇರಬಹುದು. ಆ ಹೊತ್ತಿಗೆ ನಿಮ್ಮ ದೂರು ನಿಮ್ಮದಲ್ಲ, ಅವರದ್ದು. ಯಾವ ಮಾತು ಬಿಡಬೇಕು, ಯಾವುದನ್ನು ಮೆತ್ತಗೆ ಮಾಡಬೇಕು ಎಂಬುದು ಅವರ ಕೈಯಲ್ಲಿ.

ಗಂಡನ ಹೊಡೆತ ತಾಳಲಾರದೆ ಬಂದ ಹೆಂಗಸಿನ ವಿಷಯ ಯೋಚಿಸಿ. ಮಹಿಳೆಯರ ಮೇಲಿನ ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಎಂದು ಕಾನೂನು ಹೇಳುತ್ತದೆ. ಹೆಣ್ಣಿನ ಮಾತು ಹೆಣ್ಣಿನ ಕಿವಿಗೇ ಬೀಳಲಿ ಎಂಬ ಕಾಳಜಿಯಿಂದ ಬಂದ ನಿಯಮ. ಆದರೆ ಆ ಮಹಿಳಾ ಅಧಿಕಾರಿಗೆ ಕನ್ನಡ, ತುಳು ಬಾರದೆ ಹೊರಗಿನಿಂದ ಒಬ್ಬ ಗಂಡಸನ್ನು ತರ್ಜುಮೆಗೆ ಕರೆದರೆ? ನಿಯಮ ಪಾಲನೆಯಾದ ಹಾಗೆ ಕಾಣುತ್ತದೆ, ಉದ್ದೇಶ ಮಣ್ಣುಪಾಲು. ಎಷ್ಟೋ ಹೆಂಗಸರು ಇದೇ ಕಾರಣಕ್ಕೆ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ, ಅರ್ಧ ದಾರಿಯಿಂದ ತಿರುಗಿ ಹೋಗುತ್ತಾರೆ.

ಕಾನೂನು ನಮ್ಮ ಕಡೆ ಉಂಟು

ಇದನ್ನು ನಮ್ಮ ಹುಡುಗ ಹುಡುಗಿಯರು ಬಾಯಿಪಾಠ ಮಾಡಿಕೊಳ್ಳಬೇಕು. ನಾವು ಭಿಕ್ಷೆ ಕೇಳುತ್ತಿಲ್ಲ.

ಸಂವಿಧಾನದ 350ನೇ ವಿಧಿ: ಯಾವುದೇ ಕುಂದುಕೊರತೆಯ ಬಗ್ಗೆ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಉಂಟು. ಕಾಸರಗೋಡಿನಲ್ಲಿ ಕನ್ನಡ ಬಳಕೆಯಲ್ಲಿಲ್ಲ ಎಂದು ಯಾರಾದರೂ ಹೇಳಲಿ ನೋಡೋಣ. ಅದೇ ಭಾಷೆಯಲ್ಲಿ ಉತ್ತರ ಕೊಡಬೇಕು ಎಂದು ಈ ವಿಧಿಯಲ್ಲಿ ಇಲ್ಲ, ಅದೂ ನಿಜ. ಆದರೆ ಕೇರಳವೇ ತನ್ನ 1969ರ ಅಧಿಕೃತ ಭಾಷಾ ಕಾಯ್ದೆಗೆ ತಿದ್ದುಪಡಿ ತಂದು, ಅಲ್ಪಸಂಖ್ಯಾತ ಪ್ರದೇಶ ಎಂದು ಘೋಷಿಸಿದ ಕಡೆ ತಮಿಳು ಮತ್ತು ಕನ್ನಡ ಜನ ಸ್ಥಳೀಯ ಸರಕಾರಿ ಕಚೇರಿಗಳ ಜೊತೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು, ಉತ್ತರವೂ ಆ ಭಾಷೆಯಲ್ಲೇ ಸಿಗಬೇಕು ಎಂದು ಒಪ್ಪಿಕೊಂಡಿತು. ಠಾಣೆ ಸರಕಾರಿ ಕಚೇರಿ ಅಲ್ಲವಾ?

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ: ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಹೇಳಿದವರಿಗೆ ಓದಿ ಹೇಳಬೇಕು. ಆಮೇಲೆ ಸಹಿ. ಪ್ರತಿ ಉಚಿತವಾಗಿ ಕೊಡಬೇಕು. ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. ತಲಪಾಡಿಯ ಆಚೆಗೋ ಈಚೆಗೋ ಎಂದು ಎರಡು ರಾಜ್ಯದ ನಡುವೆ ಅಲೆಯುವ ನಮಗೆ ಇದು ದೊಡ್ಡ ವಿಷಯ. ಈಗ ಕೇಳಿ: "ಓದಿ ಹೇಳಬೇಕು" ಎಂದರೆ ಏನರ್ಥ? ಕೇಳುವವರಿಗೆ ಅರ್ಥವಾಗದ ಭಾಷೆಯಲ್ಲಿ ಗಡಗಡ ಓದಿದರೆ ಅದು ಓದಿ ಹೇಳಿದ ಹಾಗೆಯಾ?

ಸುಪ್ರೀಂ ಕೋರ್ಟು ಈ ಪ್ರಶ್ನೆಗೆ ಬೇರೊಂದು ಸಂದರ್ಭದಲ್ಲಿ 1962ರಲ್ಲೇ ಉತ್ತರ ಕೊಟ್ಟಿದೆ. ಮುನ್ನೆಚ್ಚರಿಕೆಯ ಬಂಧನದಲ್ಲಿದ್ದ, ಇಂಗ್ಲಿಷ್ ಬಾರದ ಒಬ್ಬರಿಗೆ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟು, ಬಾಯಲ್ಲಿ ಹಿಂದಿಯಲ್ಲಿ ವಿವರಿಸಿದ್ದರು. ಅದು ಸಾಲದು, ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು ಎಂದಿತು ಕೋರ್ಟು. 2025ರ ನವೆಂಬರಿನಲ್ಲಿ ಇನ್ನೂ ಮುಂದೆ ಹೋಗಿ, ಯಾವುದೇ ಅಪರಾಧದಲ್ಲಿ ಬಂಧಿಸಿದರೂ ಕಾರಣಗಳನ್ನು ಬಂಧಿತರಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕು ಎಂದು ಹೇಳಿದೆ. ಬಂಧಿತರಿಗೆ ಇರುವ ಈ ಹಕ್ಕು ದೂರು ಕೊಡಲು ಬಂದ ಅಜ್ಜರಿಗೆ ಇರಬಾರದಾ?

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. 2012ರ ಪೋಕ್ಸೋ ಕಾಯ್ದೆ ಪ್ರಕಾರ, ಬರೆದುಕೊಂಡ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಅರ್ಹ ಭಾಷಾಂತರಕಾರರನ್ನು ಸಂಬಳ ಕೊಟ್ಟು ಒದಗಿಸಬೇಕು. ಅದಕ್ಕಾಗಿ ಪ್ರತಿ ಜಿಲ್ಲೆಯಲ್ಲೂ ಮಕ್ಕಳ ರಕ್ಷಣಾ ಘಟಕ ಭಾಷಾಂತರಕಾರರ ಪಟ್ಟಿ ಇಟ್ಟುಕೊಳ್ಳಬೇಕು. ಅಂದರೆ ದಾರಿ ಗೊತ್ತಿಲ್ಲದ ಸಂಗತಿಯೇನಲ್ಲ ಇದು. ಮಕ್ಕಳಿಗೆ ಮಾಡಿದ ವ್ಯವಸ್ಥೆಯನ್ನು ಗಡಿ ತಾಲೂಕಿನ ಎಲ್ಲ ದೂರುದಾರರಿಗೂ ವಿಸ್ತರಿಸಿ ಎನ್ನುತ್ತಿದ್ದೇವೆ.

"ಎಪ್ಪತ್ತು ವರ್ಷ ಆಯ್ತಲ್ಲ, ಮಲಯಾಳ ಕಲಿಯಿರಿ"

ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಸಿಟ್ಟು ಮಾಡದೆ ಉತ್ತರ ಕೊಡೋಣ.

ಕಲಿತಿದ್ದೇವೆ. ನಮ್ಮಲ್ಲಿ ಹೆಚ್ಚಿನವರು ಬಸ್ಸಿನಲ್ಲಿ, ಪೇಟೆಯಲ್ಲಿ, ಆಸ್ಪತ್ರೆಯಲ್ಲಿ ಮಲಯಾಳ ಮಾತಾಡುತ್ತೇವೆ. ಆದರೆ ಪೇಟೆಯ ಮಲಯಾಳ ಬೇರೆ, ಎಫ್‌ಐಆರ್ ಮಲಯಾಳ ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಅಪ್ಪ ಅಮ್ಮಂದಿರಿಗೆ ಆ ಲಿಪಿಯೇ ಅಪರಿಚಿತ. ಇನ್ನು ಕಲಿತವರಿಗೂ, ಹೆದರಿದಾಗ, ಅಳು ಬಂದಾಗ, ಸಿಟ್ಟಿನಲ್ಲಿ ಬಾಯಿಗೆ ಬರುವುದು ಮನೆಮಾತೇ. ಠಾಣೆಗೆ ಯಾರೂ ನಿರಾಳ ಮನಸ್ಸಿನಿಂದ ಹೋಗುವುದಿಲ್ಲ.

ಎರಡನೇ ಆಕ್ಷೇಪ: "ಕೋರ್ಟಿನಲ್ಲಿ ಗೊಂದಲ ಆಗುತ್ತದೆ." ಆಗುವುದಿಲ್ಲ. ಸಾಕ್ಷಿ ಬೇರೆ ಭಾಷೆಯಲ್ಲಿ ನುಡಿದರೆ ಆ ಭಾಷೆಯಲ್ಲೇ ಬರೆದುಕೊಂಡು ಭಾಷಾಂತರ ಸೇರಿಸಲು, ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಸಾಕ್ಷ್ಯ ವಿವರಿಸಲು ಸಂಹಿತೆಯ 312 ಮತ್ತು 314ನೇ ಕಲಂಗಳಲ್ಲಿ ದಾರಿ ಇದೆ. ಮೂಲ ಕನ್ನಡ ದೂರು ಕಡತದಲ್ಲಿ ಇದ್ದರೆ ಗೊಂದಲ ಕಡಿಮೆಯಾಗುತ್ತದೆ, ಹೆಚ್ಚಾಗುವುದಿಲ್ಲ. ಅಜ್ಜರ ಪಂಪಿನ ವಿಷಯದಲ್ಲಿ ಮೂಲ ಕನ್ನಡದ ಎರಡು ಸಾಲು ಇದ್ದಿದ್ದರೆ, ಬೀಗ ಮುರಿದದ್ದು ಅದರಲ್ಲೇ ಇರುತ್ತಿತ್ತು.

ನಾವೂ ಕನ್ನಡಿಯಲ್ಲಿ ನೋಡಿಕೊಳ್ಳೋಣ

ಒಂದು ಕಹಿ ಮಾತು. ಕೇರಳದ ಠಾಣೆಯಲ್ಲಿ ನಮಗೆ ಬೇಕು ಎನ್ನುವುದನ್ನು ಕರ್ನಾಟಕದ ಠಾಣೆಯಲ್ಲಿ ಬೇರೆಯವರಿಗೆ ಕೊಡಲು ಒಪ್ಪುತ್ತೇವಾ? ಸುಳ್ಯದ ಮಲಯಾಳಿ, ಕೋಲಾರ ಚಿನ್ನದ ಗಣಿಯ ತಮಿಳಿನ ತಾಯಿ, ಬೀದರಿನ ಉರ್ದು ಅಜ್ಜ, ಬೆಳಗಾವಿಯ ಮರಾಠಿ ರೈತ, ಇವರೂ ಅರ್ಥವಾಗದ ಕಾಗದಕ್ಕೆ ಸಹಿ ಹಾಕಬಾರದು. 350ನೇ ವಿಧಿ ಅವರದ್ದೂ ಹೌದು. ನಾವು ಇದನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ನಮ್ಮ ಬೇಡಿಕೆಗೆ ತೂಕ. ಹಾಗೆಯೇ ನಮ್ಮ ಊರಿನಲ್ಲೇ ಕನ್ನಡ ಎನ್ನುವಾಗ ತುಳು, ಬ್ಯಾರಿ, ಕೊಂಕಣಿ ಮಾತ್ರ ಬಲ್ಲವರನ್ನು ಮರೆಯಬಾರದು.

ಇನ್ನೊಂದು. ನಮ್ಮ ಹುಡುಗರು ಪೊಲೀಸ್ ಪರೀಕ್ಷೆ ಎಷ್ಟು ಜನ ಬರೆಯುತ್ತಾರೆ? ಡಿಗ್ರಿ ಮುಗಿದ ಕೂಡಲೇ ಮಂಗಳೂರು, ಬೆಂಗಳೂರು, ಗಲ್ಫ್. ಕಾಸರಗೋಡಿನಲ್ಲಿ ಕನ್ನಡ ಮಲಯಾಳ ಎರಡೂ ಬಲ್ಲವರಿಗೆಂದೇ ಎಲ್‌ಡಿ ಕ್ಲಾರ್ಕ್ ಹುದ್ದೆಗೆ ಪಿಎಸ್‌ಸಿ ಅರ್ಜಿ ಕರೆದದ್ದುಂಟು. ಅದೇ ಮಾದರಿ ಠಾಣೆಗೂ ಬರಲಿ ಎಂದು ಕೇಳೋಣ. ಆದರೆ ಹುದ್ದೆ ಬಂದಾಗ ಅರ್ಜಿ ಹಾಕುವವರೇ ಇಲ್ಲ ಎಂದಾಗಬಾರದು. ಅದಕ್ಕೆ ಮಲಯಾಳ ಓದಲು ಬರೆಯಲು ಚೆನ್ನಾಗಿ ಬರಬೇಕು. ಮಲಯಾಳ ಕಲಿತರೆ ಕನ್ನಡಕ್ಕೆ ದ್ರೋಹ ಅಲ್ಲ, ಅಜ್ಜರ ಕಾಗದ ಓದಿ ಹೇಳಲು ನಮ್ಮ ಮನೆಯಲ್ಲೇ ಒಬ್ಬರು ಇದ್ದ ಹಾಗೆ.

ನಾವು ಕೇಳುವುದು ಇಷ್ಟೇ

ಕನ್ನಡ ಪ್ರದೇಶದ ಪ್ರತಿ ಠಾಣೆಯಲ್ಲಿ ಹಗಲು ರಾತ್ರಿ ಕನ್ನಡ ಓದಿ ಬರೆಯಬಲ್ಲ ಒಬ್ಬರಾದರೂ ಇರಲಿ. ಕನ್ನಡ ದೂರನ್ನು ಹಾಗೆಯೇ ತೆಗೆದುಕೊಂಡು ಮೂಲವನ್ನು ಎಫ್‌ಐಆರ್ ಜೊತೆ ಲಗತ್ತಿಸಲಿ. ಪ್ರತಿಯ ಜೊತೆ ಕನ್ನಡ ಭಾಷಾಂತರ ಕೊಡಲಿ, ಓದಿ ಹೇಳಿದವರ ಹೆಸರು ಕಾಗದದಲ್ಲಿರಲಿ. ಪೋಕ್ಸೋ ಮಾದರಿಯ ಭಾಷಾಂತರಕಾರರ ಪಟ್ಟಿ ಠಾಣೆಯಲ್ಲಿರಲಿ, ಅದರಲ್ಲಿ ಮಹಿಳೆಯರೂ ಇರಲಿ. 112ರಲ್ಲಿ ಕನ್ನಡ ಬಲ್ಲವರಿಗೆ ಕರೆ ವರ್ಗಾಯಿಸುವ ವ್ಯವಸ್ಥೆಯಾಗಲಿ. 2008ರಿಂದ ಕೇರಳದಲ್ಲಿ ಜನಮೈತ್ರಿ ಯೋಜನೆ ಇದೆ. ಪೊಲೀಸರು ಮನೆಮನೆಗೆ ಬಂದು ಪರಿಚಯ ಮಾಡಿಕೊಳ್ಳುವ ಒಳ್ಳೆಯ ಯೋಜನೆ ಅದು. ಅದರ ಸಭೆಗಳಲ್ಲಿ ಕನ್ನಡದಲ್ಲೂ ಮಾತಾಗಲಿ, ಆ ಸಮಿತಿಗಳಲ್ಲಿ ನಮ್ಮವರೂ ಕೂರಲಿ. ಕರೆಯಲಿ ಎಂದು ಕಾಯಬೇಡಿ, ಸಭೆ ಯಾವಾಗ ಅಂತ ಕೇಳಿಕೊಂಡು ಹೋಗಿ.

ನಾಳೆಯೇ ಮಾಡಬಹುದಾದದ್ದು

ಬೇಡಿಕೆ ಈಡೇರುವ ತನಕ ಕೈಕಟ್ಟಿ ಕೂರುವುದು ಬೇಡ. ಯಾವ ರಾಜ್ಯದ ಗಡಿಯಲ್ಲಿದ್ದರೂ ಇದು ನಿಮಗೆ ಅನ್ವಯ:

1. ಬಾಯಲ್ಲಿ ಹೇಳುವ ಬದಲು ಕನ್ನಡದಲ್ಲಿ ಬರೆದುಕೊಂಡು ಹೋಗಿ. ಎರಡು ಪ್ರತಿ ಇರಲಿ, ಒಂದರ ಮೇಲೆ ಠಾಣೆಯ ಮೊಹರು, ತಾರೀಕು ಹಾಕಿಸಿಕೊಳ್ಳಿ. ಇಲ್ಲದಿದ್ದರೆ ರಸೀದಿ ಕೇಳಿ.

2. ಬಿಡಿಸಿ ಬರೆಯಿರಿ. "ಕಳೆದು ಹೋಯ್ತು" ಬೇಡ, "ಬೀಗ ಮುರಿದು ಕಳ್ಳತನ ಮಾಡಿದ್ದಾರೆ" ಎಂದಿರಲಿ. "ಗಲಾಟೆ ಆಯ್ತು" ಬೇಡ. ಯಾರು, ಯಾವಾಗ, ಎಲ್ಲಿ, ಯಾವುದರಿಂದ ಹೊಡೆದರು ಎಂದಿರಲಿ.

3. ಅವರು ಬೇರೆ ಭಾಷೆಯಲ್ಲಿ ಬರೆದುಕೊಂಡರೆ, ಸಹಿಗೆ ಮೊದಲು "ಕನ್ನಡದಲ್ಲಿ ಓದಿ ಹೇಳಿ ಸಾರ್" ಅನ್ನಿ. ವಿನಯದಿಂದ ಹೇಳಿ, ಆದರೆ ಹೇಳದೆ ಬಿಡಬೇಡಿ.

4. ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

5. ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು.

6. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ. ಸಂಹಿತೆಯ 181ನೇ ಕಲಂ ನೋಡಿ. ಇದು ಹಲವರಿಗೆ ಗೊತ್ತೇ ಇಲ್ಲ.

7. ಊರಿನಲ್ಲಿ ಎರಡೂ ಲಿಪಿ ಬಲ್ಲ ಇಬ್ಬರು ಮೂವರ ಗುಂಪು ಮಾಡಿ, ಒಬ್ಬಳು ಹುಡುಗಿ ಇರಲೇಬೇಕು. ಹಿರಿಯರು ಠಾಣೆಗೆ ಹೋಗುವಾಗ ಜೊತೆಗೆ ಹೋಗಿ. ಹೋದಮೇಲೆ ಹೊರಗೆ ನಿಂತು ಫೋನ್ ನೋಡಬೇಡಿ. ಆ ತಪ್ಪು ನಾವು ಮಾಡಿಯಾಗಿದೆ.

ಮೊನ್ನೆ ಅಜ್ಜರನ್ನು ಕಂಡಾಗ ಹೊಸ ಪಂಪು ಹಾಕಿಸುತ್ತಿದ್ದರು. "ಇನ್ನು ಹೋದರೆ ಕನ್ನಡದಲ್ಲೇ ಬರೆದು ಕೊಡುವುದು, ಓದಿ ಹೇಳದೆ ಸಹಿ ಇಲ್ಲ" ಅಂದರು. ಎಪ್ಪತ್ತು ದಾಟಿದವರು ಕಲಿತರು. ನಾವು ಕಲಿಯಲಿಕ್ಕೆ ಎಷ್ಟು ಹೊತ್ತು?

ನಿಮ್ಮ ತಾಲೂಕಿನ ಠಾಣೆಯಲ್ಲಿ ಕನ್ನಡದ ದೂರು ತೆಗೆದುಕೊಳ್ಳುತ್ತಾರಾ? ಓದಿ ಹೇಳುತ್ತಾರಾ? ಠಾಣೆಯ ಹೆಸರು, ಯಾರ ಹೆಸರೂ ಹಾಕದೆ ಅನುಭವ ಮಾತ್ರ ಬರೆಯಿರಿ. ಒಳ್ಳೆಯ ಅನುಭವ ಇದ್ದರೆ ಅದನ್ನೂ ಬರೆಯಿರಿ, ಅಂಥವರೂ ಇದ್ದಾರೆ. ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ.